ಅಪ್ಪಯ್ಯನ ತೋಟ, ಜರ್ಮನ್ ಪಾಸ್‌ಪೋರ್ಟ್

2024ರ ಜೂನ್ 27ಕ್ಕೆ ಜರ್ಮನಿಯಲ್ಲಿ ಪೌರತ್ವದ ಹೊಸ ಕಾನೂನು ಜಾರಿಗೆ ಬಂತು. ಜರ್ಮನ್ ಪ್ರಜೆಯಾಗಲು ಇನ್ನು ಹಳೆಯ ಪೌರತ್ವ ಬಿಡಬೇಕಾಗಿಲ್ಲ, ಎರಡನ್ನೂ ಇಟ್ಟುಕೊಳ್ಳಬಹುದು. ಇಲ್ಲಿ ವಾಸ ಮಾಡಿರಬೇಕಾದ ಅವಧಿಯೂ ಎಂಟು ವರ್ಷದಿಂದ ಐದಕ್ಕೆ ಇಳಿಯಿತು. ಟರ್ಕಿಯಿಂದ ಬಂದು ಎರಡು ಮೂರು ತಲೆಮಾರು ಇಲ್ಲೇ ದುಡಿದವರಿಗೆ ಅದು ಹಬ್ಬ. ಮ್ಯೂನಿಕ್‌ನ ನಮ್ಮ ಆಫೀಸಿನಲ್ಲಿ ಟರ್ಕಿ ಮೂಲದ ಗೆಳತಿಯೊಬ್ಬಳು ಎಲ್ಲರಿಗೂ ಸಿಹಿ ಹಂಚಿದಳು. ನನ್ನ ಕೈಗೂ ಒಂದು ತುಂಡು ಇಟ್ಟು, ಇನ್ನು ನಿನಗೂ ತೊಂದರೆ ಇಲ್ಲ ಅಲ್ವಾ ಅಂದಳು.

ತೊಂದರೆ ಇತ್ತು. ಜರ್ಮನಿ ಒಪ್ಪಿದರೆ ಸಾಲದು, ಭಾರತವೂ ಒಪ್ಪಬೇಕು. ಭಾರತ ಒಪ್ಪುವುದಿಲ್ಲ. ನಮ್ಮ ಸಂವಿಧಾನದ 9ನೇ ವಿಧಿ, ಅದರ ಹಿಂದೆಯೇ ಬಂದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್, ಎರಡೂ ಒಂದೇ ಮಾತು ಹೇಳುತ್ತವೆ: ಸ್ವಂತ ಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದರೆ ನೀನು ಭಾರತದ ಪ್ರಜೆಯಲ್ಲ. ಇದಕ್ಕೆ ಅರ್ಜಿ ಹಾಕಬೇಕಾಗಿಲ್ಲ, ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಮ್ಯೂನಿಕ್‌ನ ಒಬ್ಬ ಗುಮಾಸ್ತೆ ನನ್ನ ಕೈಗೆ ಪೌರತ್ವದ ಪತ್ರ ಕೊಟ್ಟು ಕೈಕುಲುಕಿದ ಆ ಗಳಿಗೆಗೇ ಭಾರತದ ಲೆಕ್ಕದಲ್ಲಿ ನಾನು ವಿದೇಶಿಯಾದೆ. ಬ್ಯಾಗಿನಲ್ಲಿದ್ದ ನೀಲಿ ಪಾಸ್‌ಪೋರ್ಟಿಗೆ ಇನ್ನೂ ಕೆಲವು ವರ್ಷ ಆಯುಸ್ಸು ಇತ್ತು. ಆದರೆ ಅದನ್ನು ಹಿಡಿದು ವಿಮಾನ ಹತ್ತಿದರೆ ಅಪರಾಧ.

ಈ ಕಟ್ಟುನಿಟ್ಟು ಯಾಕೆ ಅಂತ ಸುಮಾರು ಜನ ಕೇಳುತ್ತಾರೆ. ಸಂವಿಧಾನ ಬರೆದ ಕಾಲ ನೆನಪಿಸಿಕೊಳ್ಳಬೇಕು. ದೇಶ ಒಡೆದಿತ್ತು, ಲಕ್ಷಾಂತರ ಜನ ಗಡಿ ದಾಟಿ ಅತ್ತಿತ್ತ ಹೋಗುತ್ತಿದ್ದರು, ಯಾರು ಯಾವ ದೇಶದವರು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕಿತ್ತು. ಆಗ ಎರಡು ದೋಣಿಯ ಮೇಲೆ ಕಾಲಿಡುವವರಿಗೆ ಜಾಗ ಇರಲಿಲ್ಲ. ಐವತ್ತು ವರ್ಷ ಕಳೆದ ಮೇಲೆ ಎಲ್.ಎಂ. ಸಿಂಘ್ವಿ ಸಮಿತಿ ಹೊರದೇಶಗಳಲ್ಲಿರುವ ಭಾರತೀಯರ ಬಗ್ಗೆ ವರದಿ ಕೊಟ್ಟಿತು. ಎರಡು ಪೌರತ್ವ ಕೊಡಬಹುದು ಎಂದು 2002ರಲ್ಲಿ ಅದು ಶಿಫಾರಸು ಮಾಡಿತ್ತು. ಮಾರನೇ ವರ್ಷದಿಂದ ಜನವರಿ 9ಕ್ಕೆ ಪ್ರವಾಸಿ ಭಾರತೀಯ ದಿವಸ ಶುರುವಾಯಿತು, ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ವಾಪಸ್ ಬಂದ ದಿನ ಅದು. ಭಾಷಣ ಜೋರಾಗಿಯೇ ಇದ್ದವು. ಕೊನೆಗೆ 2005ರ ಡಿಸೆಂಬರಿನಲ್ಲಿ ಬಂದದ್ದು ಓಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಅನ್ನುವ ಕಾರ್ಡು. ಎರಡನೇ ಪೌರತ್ವ ಬರಲಿಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ಜೀವನ ಪೂರ್ತಿ ಎಷ್ಟು ಸಲ ಬೇಕಾದರೂ ಬಂದು ಹೋಗುವ ವೀಸಾ ಅಂತ ತಿಳಿದುಕೊಂಡರೆ ಸರಿಯಾಗುತ್ತದೆ.

ಆ ಕಾರ್ಡನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಕಾರ್ಡು. ಬೆಂಗಳೂರಿನಲ್ಲಿ ಇಳಿದರೆ ವೀಸಾ ಕೇಳುವುದಿಲ್ಲ, ಬೇರೆ ವಿದೇಶಿಯರ ಹಾಗೆ ಪೊಲೀಸ್ ಕಚೇರಿಗೆ ಹೋಗಿ ಹೆಸರು ಬರೆಸಬೇಕಾಗಿಲ್ಲ, ಕೆಲಸ ಮಾಡಬಹುದು, ಫ್ಲ್ಯಾಟ್ ಕೊಳ್ಳಬಹುದು. 2025ರಿಂದ ಬೆಂಗಳೂರು ಏರ್‌ಪೋರ್ಟಿನ ಇ-ಗೇಟಿನಲ್ಲೂ, ಮೊದಲೇ ನೋಂದಾಯಿಸಿಕೊಂಡಿದ್ದರೆ, ಭಾರತೀಯರ ಜೊತೆಗೇ ಓಸಿಐನವರನ್ನೂ ಬಿಡುತ್ತಾರೆ. ಮದುವೆ, ಉಪನಯನ, ಗೃಹಪ್ರವೇಶ ಅಂತ ಬಂದು ಹದಿನೈದು ದಿನ ಇದ್ದು, ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗುವವರಿಗೆ ಇದಕ್ಕಿಂತ ಹೆಚ್ಚೇನೂ ಬೇಡ. ನೆಂಟರಾಗಿ ಬಂದಷ್ಟು ದಿನ ಎಲ್ಲ ಸಲೀಸು. ಮಗಳಾಗಿ ಬಂದು ಏನಾದರೂ ಮಾಡಬೇಕಾಗಿ ಬಂದಾಗಲೇ ಕಷ್ಟ ಶುರುವಾಗುವುದು: ಆಸ್ಪತ್ರೆ, ಜಮೀನು, ಬ್ಯಾಂಕು. ಅಥವಾ ಇಡೀ ಜಗತ್ತೇ ಬಾಗಿಲು ಹಾಕಿಕೊಂಡಾಗ.

ನನಗೆ ಮೊದಲು ಗಂಟು ಬಿದ್ದದ್ದು ಹೆಸರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಸರ್‌ನೇಮ್ ಅನ್ನುವುದು ಯಾರಿಗೂ ಇರಲಿಲ್ಲ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನನ್ನ ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹಾಗೇ ಇದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಅಂದರು. ಸರ್‌ನೇಮ್ ಖಾನೆಯಲ್ಲಿ ಅಪ್ಪಯ್ಯನ ಹೆಸರು ಹೋಗಿ ಕೂತಿತು. ಜರ್ಮನಿಗೆ ಬಂದ ಮೇಲೆ ನಾನು ಎಲ್ಲರ ಬಾಯಲ್ಲೂ ಆ ಹೆಸರಿನ ಶ್ರೀಮತಿಯಾದೆ. ಅಮ್ಮ ಜೀವಮಾನದಲ್ಲಿ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಗೆ ಬಂದಿದ್ದಾಗ ಪಾರ್ಸೆಲ್ ತಂದ ಹುಡುಗ ಮೆಟ್ಟಿಲ ಬುಡದಿಂದ ಆ ಹೆಸರು ಕೂಗಿದ್ದನ್ನು ಕೇಳಿ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಿದ್ದಳು.

ಇನ್ನು ಜನನ ಪ್ರಮಾಣಪತ್ರ. ನನ್ನ ವಯಸ್ಸಿನ ಹಳ್ಳಿಯವರಿಗೆ ಇದು ಗೊತ್ತಿರುತ್ತದೆ, ಅದರಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಹುಟ್ಟಿದ ವಾರದಲ್ಲಿ ಹೋಗಿ ಬರೆಸಿದ್ದಾರೆ, ಆಗಿನ್ನೂ ನಾಮಕರಣ ಆಗಿಲ್ಲ, ಹೆಣ್ಣು ಅಂತ ಮಾತ್ರ ಇದೆ. ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ಹೆಸರು, ಅವರು ಹಾಕಿದ್ದೇ ಹುಟ್ಟಿದ ತಾರೀಕು. ಇದನ್ನು ಜರ್ಮನಿಯ ಕಚೇರಿಯವರಿಗೆ ತಿಳಿಸಿ ಹೇಳುವುದು ಹೇಗೆ? ಅವರಿಗೆ ಇನ್ನೂ ಒಂದು ತಕರಾರು ಇದೆ. ವಿದೇಶದ ಕಾಗದಪತ್ರಕ್ಕೆ ಅಪೊಸ್ಟೀಲ್ ಅನ್ನುವ ಮುದ್ರೆ ಒತ್ತಿಸಿದರೆ ಬೇರೆ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ, ಆದರೆ ಭಾರತದ ಆ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ. ಅನುಮಾನ ಬಂದರೆ ಅವರ ರಾಯಭಾರ ಕಚೇರಿಯ ಮೂಲಕ ಭಾರತದಲ್ಲೇ ಒಬ್ಬ ವಕೀಲರನ್ನು ಕಳಿಸಿ ವಿಚಾರಿಸುತ್ತಾರೆ. ನಮ್ಮೂರಿಗೂ ಹೀಗೆ ಒಬ್ಬರು ಬಂದರು. ಪಂಚಾಯ್ತಿಗೆ ಹೋದರು, ಶಾಲೆಗೆ ಹೋದರು, ಪಕ್ಕದ ಮನೆಯವರ ಹತ್ತಿರ ಈ ಹುಡುಗಿ ಇಲ್ಲೇ ಹುಟ್ಟಿದ್ದಾ, ತಂದೆ ತಾಯಿ ಯಾರು, ಹೇಗೆ ಜನ ಅಂತ ಕೇಳಿದರು. ಊರಿನಲ್ಲಿ ಹೆಣ್ಣಿನ ಬಗ್ಗೆ ಹೀಗೆಲ್ಲ ಕೇಳುವುದು ಒಂದೇ ಕಾರಣಕ್ಕೆ. ಸಂಜೆ ಪಕ್ಕದ ಮನೆ ಅತ್ತೆ ಅಮ್ಮನಿಗೆ ಫೋನ್ ಮಾಡಿ, "ಎಂತದೇ, ಮಗಳಿಗೆ ಇನ್ನೊಂದ್ ಸಂಬಂಧ ನೋಡ್ತಾ ಇದೀರಾ?" ಅಂತ ಕೇಳಿದರಂತೆ. ನನಗಾಗಲೇ ಮದುವೆಯಾಗಿ ಮಗಳು ಶಾಲೆಗೆ ಹೋಗುತ್ತಿದ್ದಳು.

ಜರ್ಮನ್ ಪ್ರಜೆಯಾಗುವಾಗ ಹೆಸರನ್ನು ಅವರ ಕ್ರಮಕ್ಕೆ ಹೊಂದಿಸಿಕೊಳ್ಳಲು ಒಂದು ಅವಕಾಶ ಇದೆ. ಯಾವುದು ಕೊಟ್ಟ ಹೆಸರು, ಯಾವುದು ಮನೆತನದ ಹೆಸರು ಅಂತ ಹೇಳಿಕೆ ಕೊಡಬಹುದು. ನನ್ನ ಪರಿಚಯದ ಇಬ್ಬರು ಖುಷಿಯಿಂದ ಸರಿಮಾಡಿಸಿಕೊಂಡರು. ಆಮೇಲೆ ಓಸಿಐ ಅರ್ಜಿ ಹಾಕುವಾಗ ಹಳೆಯ ಭಾರತದ ಪಾಸ್‌ಪೋರ್ಟಿಗೂ ಹೊಸದಕ್ಕೂ ಹೆಸರು ತಾಳೆಯಾಗದೆ ಪತ್ರದ ಮೇಲೆ ಪತ್ರ. ನಾನು ಅಪ್ಪಯ್ಯನ ಹೆಸರನ್ನೇ ಹಾಗೇ ಬಿಟ್ಟೆ. ಇರಲಿ ಬಿಡಿ, ಅಭ್ಯಾಸ ಆಗಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪೌರತ್ವ ಬದಲಾದ ದಿನಕ್ಕೂ ಓಸಿಐ ಕಾರ್ಡು ಕೈಗೆ ಬರುವ ದಿನಕ್ಕೂ ನಡುವೆ ಒಂದು ಸಂದು ಇದೆ. ಮೊದಲು ಜರ್ಮನ್ ಪಾಸ್‌ಪೋರ್ಟ್ ಆಗಬೇಕು. ಅದು ಬಂದ ಮೇಲೆ ಭಾರತದ ಪಾಸ್‌ಪೋರ್ಟನ್ನು ಕಾನ್ಸುಲೇಟಿಗೆ ಒಪ್ಪಿಸಿ ಪೌರತ್ವ ತ್ಯಜಿಸಿದ ಪ್ರಮಾಣಪತ್ರ ಪಡೆಯಬೇಕು. ಆ ಪತ್ರ ಇಟ್ಟುಕೊಂಡು ಓಸಿಐಗೆ ಅರ್ಜಿ. ಅದು ಭಾರತಕ್ಕೆ ಹೋಗಿ, ಪರಿಶೀಲನೆಯಾಗಿ, ಅಚ್ಚಾಗಿ, ವಾಪಸ್ ಬರಬೇಕು. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಒಬ್ಬೊಬ್ಬರಿಗೆ ಕೆಲವು ವಾರ, ಒಬ್ಬೊಬ್ಬರಿಗೆ ತಿಂಗಳುಗಟ್ಟಲೆ. ಆ ಸಂದಿನಲ್ಲಿ ನಿಮಗೆ ಹುಟ್ಟಿದ ಊರಿಗೆ ಹೋಗಲು ಹಕ್ಕೂ ಇಲ್ಲ, ಕಾರ್ಡೂ ಇಲ್ಲ. ಬೇರೆ ಯಾವ ಜರ್ಮನ್ ಪ್ರವಾಸಿಯಾದರೂ ಪಡೆಯುವ ವೀಸಾ ಮಾತ್ರ.

ನಾನು ಆ ಸಂದಿನಲ್ಲಿದ್ದಾಗಲೇ ಅಪ್ಪಯ್ಯನಿಗೆ ಎದೆನೋವು ಬಂತು. ತೋಟದಿಂದ ಬಂದು, ಬೆವರುತ್ತಾ ಜಗಲಿ ಮೇಲೆ ಕೂತರಂತೆ. ನನ್ನ ತಮ್ಮ ಅವರನ್ನು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಫೋನ್ ಬಂದಾಗ ಇಲ್ಲಿ ಬೆಳಗಿನ ಜಾವ. ಮೊದಲಿನ ಅಭ್ಯಾಸಕ್ಕೆ ಟಿಕೆಟ್ ನೋಡಲು ಕೈ ಹೋಯಿತು, ಮ್ಯೂನಿಕ್‌ನಿಂದ ಬೆಂಗಳೂರಿಗೆ ಈಗ ನೇರ ವಿಮಾನವೇ ಇದೆ. ಟಿಕೆಟ್ ಇತ್ತು. ಹೋಗಲು ನನ್ನ ಹತ್ತಿರ ಕಾಗದ ಇರಲಿಲ್ಲ. ನೀಲಿ ಪಾಸ್‌ಪೋರ್ಟ್ ಆಗಲೇ ಒಪ್ಪಿಸಿಯಾಗಿತ್ತು, ಓಸಿಐ ಅರ್ಜಿ ಇನ್ನೂ ಶುರುವಾಗಿರಲಿಲ್ಲ.

ಇ-ವೀಸಾ ಅರ್ಜಿ ತೆರೆದೆ. ಪ್ರವಾಸಿ ವೀಸಾದ ಕೆಳಗೇ ಬಂಧುಗಳನ್ನು ನೋಡಲು ಹೋಗುವವರದ್ದೂ ಬರುತ್ತದೆ. ಫಾರಂ ಉದ್ದ ಇದೆ. ಹುಟ್ಟಿದ ಊರು: ತೀರ್ಥಹಳ್ಳಿ. ತಂದೆಯ ರಾಷ್ಟ್ರೀಯತೆ: ಭಾರತೀಯ. ತಾಯಿಯದು: ಭಾರತೀಯ. ನಿಮ್ಮ ತಂದೆ ತಾಯಿ, ಅಜ್ಜ ಅಜ್ಜಿ ಯಾರಾದರೂ ಪಾಕಿಸ್ತಾನದವರಾ: ಇಲ್ಲ. ಮೈಮೇಲೆ ಕಾಣುವ ಗುರುತು ಏನಿದೆ ಅಂತಲೂ ಒಂದು ಪ್ರಶ್ನೆ, ಶಾಲೆಯ ಟಿಸಿಯಲ್ಲಿ ಮೇಷ್ಟ್ರು ಬರೆದಿದ್ದ ಎಡಗೈ ಮಚ್ಚೆಯನ್ನೇ ಬರೆದೆ. ನೋಡಲಿರುವ ಸ್ಥಳಗಳು ಅಂತ ಒಂದು ಖಾನೆ. ಶಿವಮೊಗ್ಗ ಅಂತ ತುಂಬಿದೆ. ಭಾರತದಲ್ಲಿ ನಿಮ್ಮನ್ನು ಬಲ್ಲ ಒಬ್ಬರ ಹೆಸರು, ವಿಳಾಸ, ಫೋನ್ ನಂಬರ್ ಕೊಡಿ ಅಂದಿತು. ಅಪ್ಪಯ್ಯನ ಹೆಸರು ಬರೆದೆ. ಅವರು ಆಗ ಐಸಿಯುನಲ್ಲಿದ್ದರು, ಫೋನ್ ತಮ್ಮನ ಜೇಬಿನಲ್ಲಿತ್ತು.

ಸಾಧಾರಣವಾಗಿ ಮೂರು ದಿನದೊಳಗೆ ಇ-ವೀಸಾ ಬರುತ್ತದೆ, ಆದರೆ ಪ್ರಯಾಣಕ್ಕೆ ನಾಲ್ಕು ದಿನ ಮೊದಲೇ ಅರ್ಜಿ ಹಾಕಿರಬೇಕು ಅನ್ನುವುದು ನಿಯಮ. ತುರ್ತು ಇದ್ದರೆ ಕಾನ್ಸುಲೇಟಿಗೆ ಹೋಗಬಹುದು, ಆದರೆ ಅವತ್ತು ಶನಿವಾರ. ಇಮೇಲ್ ನೋಡುತ್ತಾ ಅಡುಗೆಮನೆಯಲ್ಲಿ ಕೂತೆ. ತಮ್ಮ ಗಂಟೆಗೊಮ್ಮೆ ಮೆಸೇಜ್ ಮಾಡುತ್ತಿದ್ದ. ಸ್ಟೆಂಟ್ ಹಾಕಿದರು ಅಂದ. ಮಾತಾಡಿದರು ಅಂದ. ಗಂಜಿ ಕುಡಿದರು ಅಂದ. ನಾನು ಬೆಂಗಳೂರಿನಲ್ಲಿ ಇಳಿದಾಗ ಅವರನ್ನು ವಾರ್ಡಿಗೆ ಹಾಕಿಯಾಗಿತ್ತು. ದೇವರು ದೊಡ್ಡವನು, ಅಷ್ಟೇ.

ಎರಡನೇ ಟರ್ಮಿನಲ್‌ನಲ್ಲಿ ಇಳಿದು ಇ-ವೀಸಾ ಸಾಲಿನಲ್ಲಿ ನಿಂತೆ. ಮುಂದೆ ಒಬ್ಬ ಬ್ರಿಟಿಷ್ ಮುದುಕ, ಹಿಂದೆ ಯೋಗ ಕಲಿಯಲು ಮೈಸೂರಿಗೆ ಹೊರಟ ಹುಡುಗಿಯರು. ಕೌಂಟರಿನಲ್ಲಿದ್ದವರು ನನ್ನ ಹತ್ತೂ ಬೆರಳಿನ ಗುರುತು ತೆಗೆದುಕೊಂಡು, ಪಾಸ್‌ಪೋರ್ಟ್ ನೋಡಿ, ಕನ್ನಡದಲ್ಲೇ, "ತೀರ್ಥಹಳ್ಳಿ ಯಾವ ಕಡೆ ಮೇಡಂ?" ಅಂದರು. ಹೇಳಿದೆ. ಅವರ ಹೆಂಡತಿಯ ತವರು ಕೊಪ್ಪವಂತೆ. "ಓಸಿಐ ಮಾಡಿಸ್ಕೊಳಿ ಮೇಡಂ, ಈ ಲೈನ್ ತಪ್ಪತ್ತೆ" ಅಂದು ಸೀಲ್ ಒತ್ತಿದರು. ಒಳ್ಳೆಯ ಮನುಷ್ಯ. ಅವರಿಗೆ ಏನು ಹೇಳುವುದು, ಮಾಡಿಸಲು ಹೊರಟಿದ್ದರಿಂದಲೇ ಈ ಲೈನಿಗೆ ಬಿದ್ದದ್ದು.

ಕೋವಿಡ್ ಕಾಲದಲ್ಲಿ ನಾನಿನ್ನೂ ಭಾರತೀಯಳೇ, ಹಾಗಾಗಿ ಅದರ ಬಿಸಿ ನನಗೆ ತಟ್ಟಲಿಲ್ಲ. ಆದರೆ ಓಸಿಐ ಅಂದರೆ ಏನು ಅಂತ ನಮ್ಮ ಸುತ್ತಲಿನವರಿಗೆಲ್ಲ ಅರ್ಥವಾದದ್ದು ಆಗಲೇ. 2020ರ ಮಾರ್ಚ್ 13ರಿಂದ ಓಸಿಐನವರು ವೀಸಾ ಇಲ್ಲದೆ ಬರುವ ಸೌಲಭ್ಯವನ್ನು ಸರ್ಕಾರ ತಡೆಹಿಡಿಯಿತು. ಜೀವನ ಪೂರ್ತಿಗೆ ಅಂತ ಕೊಟ್ಟದ್ದು ಒಂದು ಸುತ್ತೋಲೆಗೆ ನಿಂತಿತು. ಪಿಡುಗಿನ ಕಾಲ, ಎಲ್ಲ ದೇಶಗಳೂ ಬಾಗಿಲು ಹಾಕಿದವು, ಒಪ್ಪೋಣ. ಆದರೆ ಎಲ್ಲ ದೇಶಗಳೂ ತಮ್ಮ ಪ್ರಜೆಗಳನ್ನು ಹುಡುಕಿ ಹುಡುಕಿ ಮನೆಗೆ ಕರೆಸಿಕೊಂಡವು, ಭಾರತವೂ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನ ಬಿಟ್ಟಿತು. ಫ್ರಾಂಕ್‌ಫರ್ಟ್ ಹತ್ತಿರ ನಮಗೆ ಗೊತ್ತಿರುವ ಒಂದು ಕುಟುಂಬ ಇತ್ತು. ಗಂಡ ಹೆಂಡತಿ ಇಬ್ಬರದ್ದೂ ಭಾರತದ ಪಾಸ್‌ಪೋರ್ಟ್, ಇಲ್ಲೇ ಹುಟ್ಟಿದ ಮಗು ಮಾತ್ರ ಜರ್ಮನ್, ಅದಕ್ಕೆ ಓಸಿಐ. ಅಪ್ಪ ಅಮ್ಮ ವಿಮಾನ ಹತ್ತಬಹುದು, ಹಾಲು ಕುಡಿಯುವ ಮಗು ಹತ್ತುವಂತಿಲ್ಲ. ಇಂಥ ಕಥೆಗಳು ಎಲ್ಲ ಕಡೆಯಿಂದ ಬಂದ ಮೇಲೆ ಮೇ 22ಕ್ಕೆ ಇಂಥ ಮಕ್ಕಳಿಗೂ, ಮನೆಯಲ್ಲಿ ಸಾವುನೋವು ಆದವರಿಗೂ, ಇನ್ನೂ ಕೆಲವರಿಗೂ ಸಡಿಲ ಮಾಡಿದರು. ಉಳಿದ ಓಸಿಐನವರಿಗೆಲ್ಲ ಬಾಗಿಲು ತೆರೆದದ್ದು ಅಕ್ಟೋಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಎಷ್ಟೋ ಜನ ಅಪ್ಪ ಅಮ್ಮನ ಕಾರ್ಯವನ್ನು ಮೊಬೈಲಿನಲ್ಲಿ ನೋಡಿದರು.

2021ರ ಮಾರ್ಚ್ 4ಕ್ಕೆ ಇನ್ನೊಂದು ಅಧಿಸೂಚನೆ ಬಂತು. ಓಸಿಐ ಇದ್ದರೂ ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣ ಇವಕ್ಕೆಲ್ಲ ವಿಶೇಷ ಅನುಮತಿ ಬೇಕು. ಅಂದರೆ ಜರ್ಮನಿಯ ಯಾವುದೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವ ಕುಂದಾಪುರದ ಹುಡುಗಿ, ಜರ್ಮನ್ ಪಾಸ್‌ಪೋರ್ಟ್ ತಗೊಂಡಿದ್ದರೆ, ತನ್ನ ಅಜ್ಜನ ಮೇಳದ ಯಕ್ಷಗಾನದ ಮೇಲೆ ಸಂಶೋಧನೆ ಮಾಡಲು ಅನುಮತಿ ಕೇಳಬೇಕು. ಇದನ್ನು ಓದಿದಾಗ ನನಗೆ ಕಿಟೆಲ್ ನೆನಪಾದ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಜರ್ಮನ್, 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟವನು. ಧರ್ಮಪ್ರಚಾರ ಒಂದು, ಸಂಶೋಧನೆ ಇನ್ನೊಂದು. ಈಗ ಬಂದಿದ್ದರೆ ಪಾಪ ಎರಡು ಅನುಮತಿ ಹಿಡಿದು ಓಡಾಡಬೇಕಿತ್ತು. ನಾವು ಬೆಂಗಳೂರಿನಲ್ಲಿ ಎಂ.ಜಿ. ರಸ್ತೆ ಪಕ್ಕ ಅವನ ಪ್ರತಿಮೆ ಬೇರೆ ನಿಲ್ಲಿಸಿದ್ದೇವೆ.

ಅದೇ ಅಧಿಸೂಚನೆ ಮಕ್ಕಳ ಓದಿಗೂ ಕೈಹಾಕಿತು. ನೀಟ್, ಜೆಇಇ ಬರೆದರೆ ಓಸಿಐ ಮಕ್ಕಳಿಗೆ ಎನ್ಆರ್‌ಐ ಸೀಟುಗಳು, ಇಲ್ಲವೇ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟುಗಳು ಮಾತ್ರ. ಭಾರತದಲ್ಲೇ ಬೆಳೆದು, ಅಲ್ಲೇ ಪಿಯುಸಿ ಓದಿದ, ಹೊರದೇಶದಲ್ಲಿ ಹುಟ್ಟಿದ್ದಷ್ಟೇ ತಪ್ಪಾದ ಮಕ್ಕಳು ಕೋರ್ಟಿಗೆ ಹೋದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಆ ತಾರೀಕಿಗಿಂತ ಮೊದಲೇ ಕಾರ್ಡು ಪಡೆದವರಿಗೆ ಈ ನಿಯಮ ಹಚ್ಚಬೇಡಿ ಅಂತ ಹೇಳಿತು. ನನ್ನ ಮಗಳ ಕಾರ್ಡು ಆಮೇಲಿನದು. ಅವಳು ಡಾಕ್ಟರಾಗುವ ಯಾವ ಲಕ್ಷಣವೂ ಸದ್ಯಕ್ಕಿಲ್ಲ, ಆದರೂ ನೆನಪಿಟ್ಟುಕೊಂಡಿದ್ದೇನೆ.

ಸಣ್ಣಪುಟ್ಟ ಕಿರಿಕಿರಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಓಸಿಐನವರು 40 ಕೊಟ್ಟರೆ ಸಾಕು ಅನ್ನುವುದು ನಿಯಮ. ಆದರೆ ಒಂದು ಹಳೆಯ ಸ್ಮಾರಕದ ಕೌಂಟರಿನಲ್ಲಿ ಆ ಹುಡುಗ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಆಧಾರ್ ಇದ್ರೆ ಕೊಡಿ ಅಂದ. ಆಧಾರ್ ಬೇಕೆಂದರೆ ಓಸಿಐನವರು ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು, ಭಾರತದ ಪಾಸ್‌ಪೋರ್ಟ್ ಇರುವ ಎನ್ಆರ್‌ಐಗೆ ಈ ಷರತ್ತಿಲ್ಲ. ಕನ್ನಡದಲ್ಲಿ ಮಾತಾಡುತ್ತಾ ವಿದೇಶಿ ಕಾರ್ಡು ತೋರಿಸಿದರೆ ಅವನಿಗೂ ಗಲಿಬಿಲಿ. ಹಿಂದಿನವರು ಗೊಣಗಿದರು, ನನ್ನ ತಮ್ಮ ಎಲ್ಲರದ್ದೂ ಸೇರಿಸಿ ದುಡ್ಡು ಕೊಟ್ಟು ಎಳೆದುಕೊಂಡು ಹೋದ. ಇದನ್ನೆಲ್ಲ ಕಷ್ಟ ಅಂತ ಕರೆಯುವುದು ಅನ್ಯಾಯ.

ಜಮೀನಿನ ವಿಷಯ ಹಾಗಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪಯ್ಯನಿಗೆ ಒಂದೇ ಯೋಚನೆ. ಬದುಕಿದ್ದಾಗಲೇ ಮಕ್ಕಳಿಬ್ಬರಿಗೂ ಪಾಲು ಮಾಡಿಕೊಡಬೇಕು. ನಮ್ಮದು ದೊಡ್ಡ ಜಮೀನೇನಲ್ಲ. ಹಳ್ಳದ ಪಕ್ಕದ ಅಡಿಕೆ ತೋಟ, ಮೇಲೆ ಸ್ವಲ್ಪ ಕಾಫಿ, ಮೆಣಸು. ಮಳೆ ಜಾಸ್ತಿಯಾದರೆ ಕೊಳೆ ರೋಗ, ಈಗ ಎಲೆಚುಕ್ಕಿ ಬೇರೆ. ಎಲ್ಲ ಅವರ ಸ್ವಂತ ದುಡಿಮೆಯದು, ಪಿತ್ರಾರ್ಜಿತ ಅಲ್ಲ. ಹಳ್ಳದ ಪಕ್ಕದ ತುಂಡು ನನಗೆ, ಉಳಿದದ್ದು ತಮ್ಮನಿಗೆ ಅಂತ ಅವರ ಲೆಕ್ಕ. ತಮ್ಮನದೂ ತಕರಾರಿಲ್ಲ. ಅಕ್ಕನಿಗೆ ಕೊಡಿ ಅಂತ ಅವನೇ ಮೊದಲು ಹೇಳಿದ್ದು. ನಮ್ಮ ಸೀಮೆಯಲ್ಲಿ ಇಂಥ ತಮ್ಮಂದಿರು ಎಷ್ಟು ಜನ ಸಿಗುತ್ತಾರೆ ಹೇಳಿ.

ದಾನಪತ್ರ ಬರೆಸೋಣ ಅಂತ ಪೇಟೆಗೆ ಹೋದೆವು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಅಂಗಡಿ ಸಾಲಿನಲ್ಲಿ ಪತ್ರ ಬರೆಯುವವರೊಬ್ಬರು ಅಪ್ಪಯ್ಯನಿಗೆ ಹಳೆಯ ಪರಿಚಯ. ಪಹಣಿ ನೋಡಿದರು, ಸರ್ವೆ ನಂಬರ್ ಬರೆದುಕೊಂಡರು, ಚಕ್ಕುಬಂದಿ ಕೇಳಿದರು. ಆಮೇಲೆ ನನ್ನ ಗುರುತಿನ ಚೀಟಿ ಕೇಳಿದರು. ಜರ್ಮನ್ ಪಾಸ್‌ಪೋರ್ಟ್ ಕೊಟ್ಟೆ. ಕನ್ನಡಕ ಹಣೆಗೇರಿಸಿ ಒಂದು ಪುಟ ಓದಿ, ಪೆನ್ನು ಮುಚ್ಚಿ ಕೆಳಗಿಟ್ಟರು. "ಇದು ಆಗೋದಲ್ಲ ಭಟ್ರೇ" ಅಂದರು.

ಅವರು ಹೇಳಿದ್ದು ಸರಿ. ಇದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣೆ ಕಾಯ್ದೆಯ ಕೆಳಗಿನ ನಿಯಮ. ಓಸಿಐನವರು ಭಾರತದಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು, ಹತ್ತಿರದ ಸಂಬಂಧಿಕರಿಂದ ದಾನವಾಗಿಯೂ ಪಡೆಯಬಹುದು. ಕೃಷಿ ಜಮೀನು, ಫಾರ್ಮ್‌ಹೌಸ್, ಪ್ಲಾಂಟೇಶನ್ ಈ ಮೂರನ್ನು ಕೊಳ್ಳುವಂತೆಯೂ ಇಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಹೆತ್ತ ಅಪ್ಪ ಕೊಟ್ಟರೂ ಇಲ್ಲ. ಆದರೆ ಅದೇ ಜಮೀನು ಅವರ ಕಾಲಾನಂತರ ವಾರಸಿನಿಂದ ಬಂದರೆ ಪರವಾಗಿಲ್ಲ. ವಿಲ್ ಬರೆದಿಟ್ಟರೆ ನಡೆಯುತ್ತದೆ. ಮುಂದೆ ಮಾರಬೇಕೆಂದರೆ ಭಾರತದಲ್ಲಿ ವಾಸವಾಗಿರುವವರಿಗೇ ಮಾರಬೇಕು. ರೈತರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ಆಮೇಲೆ ಬೆಂಗಳೂರಿನ ಯಾವ ಸಾಫ್ಟ್‌ವೇರ್‌ನವನಾದರೂ ತೀರ್ಥಹಳ್ಳಿಗೆ ಬಂದು ತೋಟ ಕೊಳ್ಳಬಹುದು. ಅವನು ಅಡಿಕೆ ಸುಲಿದಿರಬೇಕಾಗಿಲ್ಲ. ಕೊನೆ ಕೊಯ್ಲಿನ ದಿನ ರಾತ್ರಿ ಹನ್ನೊಂದರ ತನಕ ಮೆಟ್ಟುಕತ್ತಿ ಎದುರು ಕೂತು ಬೆಳೆದ ನಾನು ಅಪ್ಪಯ್ಯನ ಕೈಯಿಂದ ತಗೊಳ್ಳುವಂತಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಇದು ಪಾಸ್‌ಪೋರ್ಟಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ನೀಲಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರದೇಶದಲ್ಲಿರುವ ಎನ್ಆರ್‌ಐಗೂ ಇದೇ ನಿಯಮ. ಆದರೆ ಅವನು ನಾಳೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದು ನೆಲೆ ನಿಂತರೆ ಮತ್ತೆ ಎಲ್ಲರಂತೆ ರೈತ. ಹೊರದೇಶದವರೆಲ್ಲ ಬಂದು ಜಮೀನು ಗುಡ್ಡೆ ಹಾಕಿಕೊಂಡರೆ ಊರಿನವರ ಗತಿಯೇನು ಅನ್ನುವ ಭಯ ಇದರ ಹಿಂದೆ ಇದೆ, ಅದು ಸುಳ್ಳು ಭಯವಲ್ಲ. ಡಾಲರು, ಯೂರೋ ಹಿಡಿದು ಬಂದವರ ಮುಂದೆ ಊರಿನ ರೈತ ನಿಲ್ಲಲಾರ. ಕೊಳ್ಳುವುದನ್ನು ತಡೆಯಲಿ. ಅಪ್ಪ ಅಮ್ಮ ಮಕ್ಕಳಿಗೆ ಕೊಡುವುದನ್ನು ಯಾಕೆ ತಡೆಯಬೇಕು? ಸತ್ತ ಮೇಲೆ ಬರಬಹುದಾದದ್ದು ಬದುಕಿದ್ದಾಗ ಕೊಟ್ಟರೆ ಯಾಕೆ ಬರಬಾರದು? ಅಪ್ಪಯ್ಯ ಇದನ್ನೇ ಕೇಳಿದರು, ಸ್ವಲ್ಪ ಒರಟಾಗಿ. "ಅಂದ್ರೆ ನಾನು ಸಾಯೋ ತನಕ ಕಾಯಿ ಅಂತಾಯ್ತು." ಪತ್ರ ಬರೆಯುವವರು ಹಾಗಲ್ಲ ಹಾಗಲ್ಲ ಅಂತ ಸಮಾಧಾನ ಮಾಡಿ ಕಾಫಿ ತರಿಸಿದರು.

ನಮ್ಮಮ್ಮನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ತವರಿನ ಜಮೀನಿನಲ್ಲಿ ಅರಿಶಿನ ಕುಂಕುಮದ ಪಾಲು ಬಿಟ್ಟರೆ ಏನಿರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, 2005ರಲ್ಲಿ ಇಡೀ ದೇಶದಲ್ಲಿ ಹೆಣ್ಣುಮಕ್ಕಳಿಗೆಲ್ಲ ಸಮಪಾಲು ಬಂತು. ಅಮ್ಮ ಇದನ್ನೆಲ್ಲ ಪೇಪರಿನಲ್ಲಿ ಓದಿ ನೆನಪಿಟ್ಟುಕೊಂಡವಳು. ದಾನಪತ್ರ ಆಗದೆ ಮನೆಗೆ ಬಂದಾಗ ಅವಳಿಗೆ ನನ್ನ ಮೇಲೇ ಸಿಟ್ಟು. ಹೆಣ್ಣುಮಕ್ಕಳಿಗೆ ಸಿಗದ ಕಾಲದಲ್ಲಿ ಸಿಗಲಿಲ್ಲ, ಸಿಗುವ ಕಾಲದಲ್ಲಿ ನೀನು ಹೋಗಿ ಬೇರೆ ದೇಶದವಳಾದೆ, ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ತಗೊಂಡೆ ಅಂದರೆ ಕಾರಣ ದೊಡ್ಡದೇನಿಲ್ಲ. ನಾನು ತೆರಿಗೆ ಕಟ್ಟುವುದು ಇಲ್ಲಿ, ಮಗಳು ಬೆಳೆಯುವುದು ಇಲ್ಲಿ. ಇಲ್ಲಿಯ ಚುನಾವಣೆಯಲ್ಲಿ ವಲಸಿಗರ ಬಗ್ಗೆ ಏನೇನು ಮಾತಾಡುತ್ತಾರೆ ಅಂತ ಕೇಳಿಸಿಕೊಂಡ ಮೇಲೆ ನನಗೂ ಒಂದು ಮತ ಬೇಕು ಅನ್ನಿಸಿತು. ಭಾರತದಲ್ಲಿ ಮತ ಹಾಕಬೇಕೆಂದರೆ ಎನ್ಆರ್‌ಐ ಆಗಿದ್ದರೂ ವಿಮಾನ ಹತ್ತಿ ಬಂದು ಸಾಲಿನಲ್ಲಿ ನಿಲ್ಲಬೇಕಿತ್ತು, ನಾನು ಯಾವತ್ತೂ ಬಂದಿರಲಿಲ್ಲ. 2022ರ ಒಂದೇ ವರ್ಷದಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟರು ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಇವರೆಲ್ಲ ದೇಶ ಬೇಡ ಅಂತ ಬಿಟ್ಟವರಲ್ಲ. ಎರಡರಲ್ಲಿ ಒಂದು ಅಂದದ್ದಕ್ಕೆ, ದಿನನಿತ್ಯದ ಬದುಕು ಇರುವ ಕಡೆಯದನ್ನು ಆರಿಸಿಕೊಂಡವರೇ ಹೆಚ್ಚು.

ವಿಲ್ ಆಯಿತು. ರಿಜಿಸ್ಟರ್ ಕೂಡ ಮಾಡಿಸಿದೆವು. ನನ್ನ ಓಸಿಐ ಕಾರ್ಡೂ ಬಂತು. ಈಗ ಬೆಂಗಳೂರಿನಲ್ಲಿ ಬೇಗ ಹೊರಗೆ ಬರುತ್ತೇನೆ. ಮಗಳ ಪಾಸ್‌ಪೋರ್ಟ್ ಬದಲಾದರೆ ಮೊದಲಿನ ಹಾಗೆ ಪ್ರತಿ ಸಲ ಹೊಸ ಓಸಿಐ ಮಾಡಿಸಬೇಕಾಗಿಲ್ಲ, 2021ರಿಂದ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಫೋಟೋ ಮೂರು ತಿಂಗಳೊಳಗೆ ವೆಬ್‌ಸೈಟಿಗೆ ಹಾಕಿದರೆ ಸಾಕು, ಇಪ್ಪತ್ತು ತುಂಬಿದ ಮೇಲೆ ಒಂದು ಸಲ ಮಾತ್ರ ಹೊಸ ಕಾರ್ಡು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ, ಅದಕ್ಕೆ ಮೊದಲು ಹಳೆಯ ಪಾಸ್‌ಪೋರ್ಟ್ ತರಲಿಲ್ಲ ಅಂತ ಏರ್‌ಪೋರ್ಟಿನಿಂದ ವಾಪಸ್ ಹೋದವರನ್ನು ನಾನು ಬಲ್ಲೆ.

ಭಾರತ ಎರಡು ಪೌರತ್ವ ಕೊಡಲಿ ಅಂತ ಕೇಳುವ ಆಸೆ ನನಗಿಲ್ಲ. ಅದು ನಮ್ಮ ಕಾಲದಲ್ಲಿ ಆಗುವ ಮಾತಲ್ಲ, ಮತ್ತು ಎರಡೂ ಕಡೆ ಮತ ಹಾಕುವವರ ಬಗ್ಗೆ ಊರಿನವರಿಗೆ ಇರುವ ಅನುಮಾನವೂ ಪೂರ್ತಿ ತಪ್ಪಲ್ಲ. ನಾನು ಕೇಳುವುದು ಸಣ್ಣದು. ಹೆತ್ತವರು ಬದುಕಿದ್ದಾಗ ಮಕ್ಕಳಿಗೆ ತೋಟ ಕೊಡುವುದನ್ನು ವಾರಸಿನ ಜೊತೆಗೇ ಸೇರಿಸಿ. ಮತ್ತೆ ಪಾಸ್‌ಪೋರ್ಟ್ ಒಪ್ಪಿಸುವುದು, ಓಸಿಐ ಕೊಡುವುದು ಎರಡನ್ನೂ ಒಂದೇ ಅರ್ಜಿ ಮಾಡಿ. ಇವತ್ತು ನೀಲಿ ಪಾಸ್‌ಪೋರ್ಟ್ ತಗೊಂಡು, ಇವತ್ತೇ ಒಂದು ತಾತ್ಕಾಲಿಕ ಚೀಟಿ ಕೊಟ್ಟುಬಿಡಿ, ಕಾರ್ಡು ಬರುವ ತನಕ ಅದರಲ್ಲಿ ಊರಿಗೆ ಹೋಗಿಬರಬಹುದು ಅಂತ. ಆಮೇಲೆ ಫಾರಂ ಎಷ್ಟು ಉದ್ದ ಇದ್ದರೂ ತುಂಬಿಕೊಡುತ್ತೇನೆ, ಮೈಮೇಲಿನ ಮಚ್ಚೆಗಳನ್ನೆಲ್ಲ ಬೇಕಾದರೂ ಎಣಿಸಿ ಬರೆಯುತ್ತೇನೆ.